ಕಾವೇರಿಯ ಬಿಳಿಮೀನು: ಬೀಜದ ಮೀನನ್ನೇ ಸಿಡಿಸಿದರೆ ಹೊಳೆಗೆ ಉಳಿಯೋದೇನು?

ಗೆಳೆಯರೇ, ಬಿತ್ತನೆಗೆ ಎತ್ತಿಟ್ಟ ಬೀಜವನ್ನು ಯಾವ ರೈತನೂ ಬೇಯಿಸಿ ತಿನ್ನೋದಿಲ್ಲ. ಆದರೆ ಬೇಸಿಗೆಯಲ್ಲಿ ಕಾವೇರಿಯ ಮಡುಗಳಿಗೆ ಸಿಡಿಮದ್ದು ಎಸೆಯೋರು ಮಾಡ್ತಿರೋದು ಅದನ್ನೇ. ನಾನೂ ಹೊಳೆ ದಂಡೆಯಲ್ಲಿ ಭತ್ತ ಬೆಳೆಯೋನು. ಅದಕ್ಕೇ ಈ ವಾರ ಬೆಳೆ ಬಿಟ್ಟು ಮೀನಿನ ವಿಷಯ ಬರೀತಿದ್ದೀನಿ.

ಯಾವುದು ಈ ಮೀನು?

ನಾವು ಬಿಳಿಮೀನು ಅನ್ನೋದನ್ನು ಹೊರಗಿನವರು ಮಹಶೀರ್ ಅಂತಾರೆ. ಇದರಲ್ಲಿ ಬೆನ್ನು ಉಬ್ಬಿರುವ ಒಂದು ಜಾತಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮಹಶೀರ್ ಸುಮಾರು 54 ಕೆ.ಜಿ. ತೂಗಿತ್ತು. 2018ರಲ್ಲಿ ಈ ಉಬ್ಬುಬೆನ್ನಿನ ಮೀನು 'ತೀವ್ರ ಅಳಿವಿನಂಚಿನ' ಜಾತಿಗಳ ಪಟ್ಟಿ ಸೇರಿತು.

ಒಂದು ಸಿಡಿತದಿಂದ ಆಗೋದೇನು?

ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಮೀನುಗಳೆಲ್ಲ ಆಳದ ಮಡು ಸೇರ್ತವೆ. ಮಳೆಗಾಲದಲ್ಲಿ ಮೇಲಕ್ಕೆ ಈಜಿ ಮೊಟ್ಟೆ ಇಡಬೇಕಾದವು ಇವೇ. ಸಿಡಿತದ ಹೊಡೆತಕ್ಕೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತೆ. ಸತ್ತವುಗಳಲ್ಲಿ ಕೆಲವು ತೇಲ್ತವೆ, ಉಳಿದವು ತಳ ಸೇರಿ ಕೊಳೀತವೆ. ಮರಿಗಳೂ ಉಳಿಯೋಲ್ಲ. ಈ ಮೀನು ನಿಧಾನವಾಗಿ ಬೆಳೆಯೋದು, ಹಾಗಾಗಿ ಖಾಲಿಯಾದ ಮಡು ಒಂದೆರಡು ವರ್ಷಕ್ಕೆ ತುಂಬೋಲ್ಲ.

ವಿಷವೂ ಅಷ್ಟೇ. 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ನದಿಗೆ ಕಿಡಿಗೇಡಿಗಳು ವಿಷ ಹಾಕಿ ದೇವರ ಮೀನುಗಳನ್ನೇ ಕೊಂದರು. ಯೋಚನೆ ಮಾಡಿ, ವಿಷ ಬಿದ್ದ ನೀರನ್ನೇ ನಮ್ಮ ದನ ಕುಡಿಯೋದು. ಇನ್ನು ಪಂಪ್‌ಸೆಟ್ ತಂತಿಯಿಂದ ಹೊಳೆಗೆ ಕರೆಂಟ್ ಬಿಟ್ಟರೆ ಮೀನಿನ ಜೊತೆ ಮನುಷ್ಯರ ಜೀವವೂ ಹೋಗುತ್ತೆ.

ಕಾನೂನು ಇಲ್ವಾ?

ಇದೆ. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯಬಾರದು ಅಂತ 1897ರಲ್ಲೇ ಕಾನೂನು ಬಂತು. ಕಾವೇರಿ ವನ್ಯಜೀವಿಧಾಮದೊಳಗೆ 1972ರ ವನ್ಯಜೀವಿ ಕಾಯ್ದೆಯೂ ಅನ್ವಯಿಸುತ್ತೆ. ಆದರೆ ಪ್ರತಿ ಮಡುವಿಗೂ ಒಬ್ಬ ಗಾರ್ಡ್ ನಿಲ್ಲೋಕಾಗಲ್ಲ. ರಾತ್ರಿ ಮೋಟಾರ್ ಹಾಕೋಕೆ ಹೋಗೋ ನಮ್ಮ ಕಿವಿಗೇ ಆ ಸದ್ದು ಮೊದಲು ಬೀಳೋದು.

ನಾವು ಮಾಡಬಹುದಾದ್ದು

• ಸದ್ದು ಕೇಳಿದರೆ ಒಬ್ಬರೇ ಎದುರು ಹೋಗಬೇಡಿ. ಅವರ ಕೈಯಲ್ಲಿ ಸ್ಫೋಟಕ ಇರುತ್ತೆ.
• ಸಮಯ, ಜಾಗದ ಲೊಕೇಶನ್, ಗಾಡಿ ನಂಬರ್ ಫೋನಲ್ಲಿ ಗುರುತು ಮಾಡಿಕೊಂಡು 112ಕ್ಕೆ ಅಥವಾ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.
• ದೊಡ್ಡ ಮೀನು ಕಂಡ ಮಡುವಿನ ವಿಡಿಯೊ, ಲೊಕೇಶನ್ ಗ್ರೂಪಿಗೆ ಹಾಕಬೇಡಿ. ಕಳ್ಳರೂ ನೋಡ್ತಾರೆ.
• ನಿಮ್ಮ ಪಂಪ್‌ಸೆಟ್ ಲೈನಿಂದ ಮೀನು ಹಿಡಿಯೋಕೆ ಯಾರಿಗೂ ಕರೆಂಟ್ ಕೊಡಬೇಡಿ.
• ಅಗ್ಗದ ರೇಟಿಗೆ ಬಿಳಿಮೀನು ಮನೆ ಬಾಗಿಲಿಗೆ ಬಂದರೆ ಬೇಡ ಅನ್ನಿ. ಕೊಳ್ಳೋರಿಲ್ಲದಿದ್ದರೆ ಸಿಡಿಸೋರೂ ಕಮ್ಮಿಯಾಗ್ತಾರೆ.

ಬೀಜ ಕೆಟ್ಟರೆ ನಾವು ಅಂಗಡಿಯಿಂದ ಬೇರೆ ಬೀಜ ತರ್ತೀವಿ. ಈ ಮೀನಿಗೆ ಕಾವೇರಿ ಬಿಟ್ಟು ಇನ್ನೊಂದು ಹೊಳೆಯಿಲ್ಲ.