ತೂಬು ಮುಚ್ಚಿದ ಕೆರೆ

ಒಂದು ನಾಡಿನ ಸೆರೆಮನೆಗಳಲ್ಲಿ ಎಷ್ಟು ಜನರಿದ್ದಾರೆಂದು ಕೇಳಿದೊಡನೆ, ಅಲ್ಲಿ ಅಪರಾಧ ಎಷ್ಟಿರಬಹುದೆಂದು ಊಹಿಸುವುದು ನಮ್ಮ ವಾಡಿಕೆ. ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡಿದ ವಿದ್ವಾಂಸರು ಈ ಊಹೆಯನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸೆರೆಮನೆ ಕೆರೆಯಿದ್ದಂತೆ. ಅದರ ಮಟ್ಟವನ್ನು ಗೊತ್ತುಮಾಡುವುದು ಮಳೆಯೊಂದೇ ಅಲ್ಲ. ಕಾಲುವೆಯಿಂದ ಒಳಗೆ ಬರುವ ನೀರೆಷ್ಟು, ತೂಬಿನಿಂದ ಹೊರಗೆ ಹೋಗುವ ನೀರೆಷ್ಟು ಎಂಬುದೂ ಅಷ್ಟೇ ಮುಖ್ಯ. ಈ ಕಾಲುವೆ ತೂಬುಗಳನ್ನು ಆಳುವುದು ಶಿಕ್ಷೆಯ ಶಾಸನ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಆ ರಾಜ್ಯದಲ್ಲಿ 1917ರಿಂದ ಅನಿಶ್ಚಿತ ಅವಧಿಯ ಶಿಕ್ಷೆ ರೂಢಿಯಲ್ಲಿತ್ತು. ನ್ಯಾಯಾಧೀಶರು 'ಒಂದು ವರ್ಷದಿಂದ ಜೀವಾವಧಿಯವರೆಗೆ' ಎಂಬಂಥ ತೀರ್ಪು ಕೊಡುತ್ತಿದ್ದರು. ಬಂದಿಯು ತಿದ್ದಿಕೊಂಡನೇ ಎಂದು ನೋಡಿ ಬಿಡುಗಡೆಯ ದಿನವನ್ನು ನಿರ್ಣಯಿಸುವುದು ಒಂದು ಮಂಡಲಿಯ ಕೆಲಸ. ಉದ್ದೇಶವೇನೋ ಉದಾತ್ತವಾದದ್ದೇ. ಆದರೆ 70 ಡಾಲರುಗಳ ದರೋಡೆಗಾಗಿ ಇಂಥ ಶಿಕ್ಷೆ ಪಡೆದ ಜಾರ್ಜ್ ಜಾಕ್ಸನ್ ಎಂಬ ಯುವಕ ಹತ್ತು ವರ್ಷ ಕಳೆದರೂ ಹೊರಗೆ ಬರಲಿಲ್ಲ. ಅವನು ಸೆರೆಯಿಂದ ಬರೆದ ಪತ್ರಗಳು 1970ರಲ್ಲಿ ಪುಸ್ತಕರೂಪ ತಾಳಿದುವು. ಮರುವರ್ಷ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ, ಮೂವರು ಕಾವಲುಗಾರರೂ ಸೇರಿ ಆರು ಮಂದಿ ಸತ್ತ ಗಲಭೆಯಲ್ಲಿ ಅವನೂ ಗುಂಡಿಗೆ ಬಲಿಯಾದನು.

ಬಿಡುಗಡೆಯ ದಿನವೇ ತಿಳಿಯದ ಬಾಳು ಕ್ರೂರವೆಂದು ಉದಾರವಾದಿಗಳು ದೂರಿದರು. ಮಂಡಲಿ ತೀರ ಮೃದುವೆಂದು ಕಠಿನವಾದಿಗಳು ದೂರಿದರು. ಇಬ್ಬರಿಗೂ ಒಪ್ಪಿಗೆಯಾದ ಶಾಸನಕ್ಕೆ 1976ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. ಬಹುಪಾಲು ಅಪರಾಧಗಳಿಗೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಅವಧಿಗಳನ್ನು ಶಾಸನವೇ ನಿಗದಿಮಾಡಿತು. ನ್ಯಾಯಾಧೀಶರು ಅವುಗಳಲ್ಲಿ ಒಂದನ್ನು ಆರಿಸಬೇಕು.

ತೊಡಕು ಹುಟ್ಟಿದ್ದು ಇಲ್ಲಿಯೇ. ಶಾಸನದಲ್ಲಿ ಬರೆದ ಅಂಕಿಯನ್ನು ತಿದ್ದುವುದು ಬಲು ಸುಲಭ. ಜನ ಕೆರಳಿದಾಗಲೆಲ್ಲ ಎರಡನ್ನು ಮೂರು ಮಾಡಬಹುದು, ಮೂರನ್ನು ಐದು ಮಾಡಬಹುದು. ಕೆರೆ ತುಂಬಿದಾಗ ತೂಬು ಎತ್ತಬಲ್ಲ ಮಂಡಲಿಗೆ ಜೀವಾವಧಿ ಬಂದಿಗಳ ಹೊರತು ಉಳಿದವರ ಮೇಲೆ ಅಧಿಕಾರವಿರಲಿಲ್ಲ. 1993ರಲ್ಲಿ, ಹಿಂದೆ ಶಿಕ್ಷೆ ಅನುಭವಿಸಿ ಹೊರಬಂದಿದ್ದವನೊಬ್ಬ 12 ವರ್ಷದ ಬಾಲಕಿಯನ್ನು ಕೊಂದನು. ಮರುವರ್ಷವೇ 'ಮೂರನೆಯ ತಪ್ಪಿನ' ಶಾಸನ ಬಂದಿತು: ಮೊದಲ ಎರಡು ಅಪರಾಧಗಳು ಘೋರವಾಗಿದ್ದರೆ, ಮೂರನೆಯದು ಯಾವ ದೊಡ್ಡ ಅಪರಾಧವಾದರೂ ಸರಿ, 25 ವರ್ಷದಿಂದ ಜೀವಾವಧಿಯವರೆಗೆ ಸೆರೆ. ಮೂರು ಗಾಲ್ಫ್ ದಾಂಡುಗಳನ್ನು ಕದ್ದವನಿಗೂ ಈ ಶಿಕ್ಷೆಯಾಯಿತು. 2003ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

1977ರಲ್ಲಿ ಸುಮಾರು 20,000 ಇದ್ದ ಬಂದಿಗಳ ಸಂಖ್ಯೆ 2006ರ ವೇಳೆಗೆ ಸುಮಾರು 1,73,000ಕ್ಕೆ ಏರಿತು. ಕಟ್ಟಡಗಳನ್ನು ಕಟ್ಟಿದ್ದುದು ಸುಮಾರು 80,000 ಜನರಿಗೆ. ಇಷ್ಟು ಬೆಲೆ ತೆತ್ತು ಪಡೆದುದೇನು? ಫ್ರಾಂಕ್ಲಿನ್ ಜಿಮ್ರಿಂಗ್ ಮತ್ತು ಅವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1994ಕ್ಕೆ ಮೊದಲೇ ಅಪರಾಧ ಇಳಿಯತೊಡಗಿತ್ತು. ಆ ಇಳಿಕೆಗೆ ಹೊಸ ಶಾಸನ ಕೂಡಿಸಿದ್ದು ಅತ್ಯಲ್ಪ. ಇದಕ್ಕೆ ಪ್ರತಿವಾದವೂ ಉಂಟು. ಎರಡು ತಪ್ಪು ಮಾಡಿ ಮೂರನೆಯದರ ಭಯದಲ್ಲಿದ್ದವರ ದಸ್ತಗಿರಿ ಶೇಕಡಾ 17ರಿಂದ 20ರಷ್ಟು ತಗ್ಗಿತೆಂದು ಹೆಲ್ಲಂಡ್ ಮತ್ತು ಟಬರಾಕ್ 2007ರಲ್ಲಿ ತೋರಿಸಿದರು. ಭಯ ಸುಳ್ಳಲ್ಲ, ಆದರೆ ಅದಕ್ಕೆ ತಗಲಿದ ವೆಚ್ಚ ವಿಪರೀತವೆಂದು ಅವರೂ ಹೇಳಿದರು.

2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೂಬು ಎತ್ತಿಸಬೇಕಾಯಿತು. ಒಂದೇ ಶೌಚಾಲಯವನ್ನು 54 ಬಂದಿಗಳು ಹಂಚಿಕೊಂಡದ್ದು, ವ್ಯಾಯಾಮಶಾಲೆಯಲ್ಲಿ 200 ಜನ ಮಲಗಿದ್ದು, ಚಿಕಿತ್ಸೆಯ ಕೊರತೆಯಿಂದ ಆರೇಳು ದಿನಕ್ಕೊಬ್ಬ ವ್ಯರ್ಥವಾಗಿ ಸತ್ತದ್ದು, ಇವೆಲ್ಲ ನ್ಯಾಯಮೂರ್ತಿ ಆಂತೊನಿ ಕೆನೆಡಿಯವರ ತೀರ್ಪಿನಲ್ಲಿ ದಾಖಲಾಗಿವೆ. ಕಟ್ಟಡಗಳ ಸಾಮರ್ಥ್ಯದ ಶೇಕಡಾ 137.5ಕ್ಕೆ ಸಂಖ್ಯೆಯನ್ನು ಇಳಿಸಬೇಕೆಂಬ ಆಜ್ಞೆ ಸ್ಥಿರವಾಯಿತು. ಆ ವರ್ಷದ ಅಕ್ಟೋಬರಿನಿಂದ ಸಣ್ಣ ಅಪರಾಧಿಗಳನ್ನು ಜಿಲ್ಲಾ ಆಡಳಿತಗಳ ಸುಪರ್ದಿಗೆ ಬಿಡಲಾಯಿತು.

ಜನ ಭಯಪಟ್ಟರು. ಲೊಫ್‌ಸ್ಟ್ರೊಮ್ ಮತ್ತು ರಫೇಲ್ ಎಂಬ ಸಂಶೋಧಕರು ಫಲಿತಾಂಶವನ್ನು ಅಳೆದು ನೋಡಿದರು: ಮೋಟಾರು ಕಳವು ಹೆಚ್ಚಿತು, ಆದರೆ ಕೊಲೆ ಹಲ್ಲೆಗಳು ಇದರಿಂದ ಹೆಚ್ಚಿದವೆಂಬುದಕ್ಕೆ ಆಧಾರ ಸಿಗಲಿಲ್ಲ. ರಾಜ್ಯದ ಸೆರೆಮನೆಗಳಲ್ಲಿ ಮೂವರು ಕಡಿಮೆಯಾದರೆ ಜಿಲ್ಲೆಯ ಸೆರೆಮನೆಗಳಲ್ಲಿ ಸುಮಾರು ಒಬ್ಬ ಹೆಚ್ಚಿದನು. ನೀರಿನ ಒಂದು ಪಾಲು ಮತ್ತೊಂದು ಕೆರೆಗೆ ಹರಿದಿತ್ತು, ಎಲ್ಲವೂ ಅಲ್ಲ.

ಆ ತೀರ್ಪು ಬಂದಾಗ ಗವರ್ನರ್ ಆಗಿದ್ದವರು ಮತ್ತೆ ಅದೇ ಬ್ರೌನ್. 1976ರ ಶಾಸನ ಕೆಟ್ಟ ಫಲ ಕೊಟ್ಟಿತೆಂದು ಅವರು ಬಹಿರಂಗವಾಗಿಯೇ ಒಪ್ಪಿದ್ದರು. 2016ರಲ್ಲಿ ಅವರು ಮುಂದಿಟ್ಟ ಪ್ರಸ್ತಾವವನ್ನು ಮತದಾರರು ಅಂಗೀಕರಿಸಿದಾಗ, ಹಿಂಸೆಯೆಸಗದ ಬಂದಿಗಳ ಬಿಡುಗಡೆಯನ್ನು ಪರಿಶೀಲಿಸುವ ಅಧಿಕಾರ ಭಾಗಶಃ ಮಂಡಲಿಗೆ ಮರಳಿತು. 2024ರಲ್ಲಿ ಅದೇ ಮತದಾರರು ಕಳ್ಳತನ, ಮಾದಕವಸ್ತುಗಳ ಕೆಲವು ಅಪರಾಧಗಳಿಗೆ ಶಿಕ್ಷೆಯನ್ನು ಮತ್ತೆ ಬಿಗಿಗೊಳಿಸಿದರು.

ಶಿಕ್ಷೆಯ ಅಂಕಿಯನ್ನು ಬರೆಯಲು ಒಂದು ದಿನ ಸಾಕು. ಅದರ ಭಾರ ಸೆರೆಮನೆಗೆ ತಟ್ಟುವುದು ಹತ್ತಿಪ್ಪತ್ತು ವರ್ಷಗಳ ಮೇಲೆ, ಬರೆದವರ ಸಿಟ್ಟು ಆರಿದ ಬಳಿಕ. ಆದುದರಿಂದ ಸಹಿಗೆ ಮುನ್ನ ಕೆರೆಯ ಅಳತೆಯನ್ನು ತಿಳಿಯುವುದು ವಿವೇಕ.