ತಾಟಿಮರ ಮತ್ತು ಶ್ರೀತಾಳೆ

ತೆಂಗು, ಅಡಕೆ, ಈಚಲು ಇವುಗಳ ಎಲೆಯು ನಡುದಿಂಡಿನ ಎರಡು ಪಕ್ಕಗಳಲ್ಲಿಯೂ ಹಕ್ಕಿಯ ಗರಿಯಂತೆ ಸಾಲಾಗಿರುವುದನ್ನು ಎಲ್ಲರೂ ಬಲ್ಲರು. ಇವುಗಳ ಬಳಗಕ್ಕೇ ಸೇರಿದ ತಾಟಿಮರ ಮತ್ತು ಶ್ರೀತಾಳೆ ಎಂಬ ಎರಡು ವೃಕ್ಷಗಳ ಎಲೆಯಾದರೋ ಬಿಡಿಸಿ ಹಿಡಿದ ಬೀಸಣಿಗೆಯಂತೆ ದುಂಡಾಗಿರುತ್ತದೆ. 1753ರಲ್ಲಿ ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞನು ಇವೆರಡಕ್ಕೂ ಶಾಸ್ತ್ರೀಯ ನಾಮಗಳನ್ನು ಕೊಟ್ಟಾಗ, ತಾಟಿಮರವನ್ನು ‘ಬೀಸಣಿಗೆ ಹೊತ್ತದ್ದು’ ಎಂದೂ ಶ್ರೀತಾಳೆಯನ್ನು ‘ಕೊಡೆ ಹಿಡಿದದ್ದು’ ಎಂದೂ ಅರ್ಥ ಬರುವಂತೆಯೇ ಹೆಸರಿಸಿದನು. ಈಚೆಗೆ ‘ತಾಳೆ ಎಣ್ಣೆ’ಗಾಗಿ ಬೆಳೆಸುತ್ತಿರುವ ಎಣ್ಣೆತಾಳೆಯು ಆಫ್ರಿಕಾ ಖಂಡದಿಂದ ಬಂದ ಬೇರೊಂದು ಮರ, ಅದರದು ಗರಿಯೆಲೆ. ಅದನ್ನೂ ಇವನ್ನೂ ಒಂದೆಂದು ಭಾವಿಸಬಾರದು.

ಈ ಎರಡು ಮರಗಳೂ ಬೇರಿನಿಂದ ತುದಿಯವರೆಗೆ ಮನುಷ್ಯನಿಗೆ ಉಪಯುಕ್ತವಾದವು. ಆದರೆ ಇವು ಬೆಳೆಯುವುದು ಬಹು ನಿಧಾನ. ಒಂದು ದಿನದಲ್ಲಿ ಕಡಿದುದನ್ನು ಮತ್ತೆ ಪಡೆಯಲು ಒಂದು ತಲೆಮಾರು ಕಾಯಬೇಕು. ಈ ಸಂಗತಿಯನ್ನು ಗ್ರಾಮದ ಯಜಮಾನರೂ ಜಮೀನುದಾರರೂ ಮುಖ್ಯವಾಗಿ ಮನಸ್ಸಿಗೆ ತಂದುಕೊಳ್ಳಬೇಕಾಗಿದೆ.

ಓಲೆಯ ಬಳಕೆ :— ಕಾಗದವು ಬಳಕೆಗೆ ಬರುವ ಮೊದಲು ನಮ್ಮ ದೇಶದ ವಿದ್ಯೆಯೆಲ್ಲವೂ ಬಹುಮಟ್ಟಿಗೆ ಈ ಓಲೆಗಳ ಮೇಲೆಯೇ ಉಳಿದಿದ್ದಿತು. ಎಳೆಯ ಎಲೆಯನ್ನು ಸೀಳಿ, ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿ, ಅಳತೆಗೆ ಕತ್ತರಿಸಿ, ತೂತು ಕೊರೆದು ದಾರ ಪೋಣಿಸುತ್ತಿದ್ದರು. ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದ ಮೇಲೆ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿದರೆ ಬರೆಹವು ಕಪ್ಪಾಗಿ ಎದ್ದು ಕಾಣುತ್ತಿದ್ದಿತು. ತಾಟಿಯ ಓಲೆ ದಪ್ಪ. ಶ್ರೀತಾಳೆಯದು ತೆಳುವಾಗಿ, ಮೆದುವಾಗಿ, ಹೆಚ್ಚು ಕಾಲ ಬಾಳತಕ್ಕದ್ದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ, ಹಳಗನ್ನಡ ಲಿಪಿಯ ಧವಲಾದಿ ಜೈನ ಸಿದ್ಧಾಂತ ಗ್ರಂಥಗಳು ಶ್ರೀತಾಳೆಯ ಓಲೆಯವೇ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ತಾಳೆಗರಿಗಳ ಕಟ್ಟಿನಲ್ಲಿಯೇ ದೊರೆತುದು. ಕರೆಯೋಲೆ, ಕಿವಿಯೋಲೆ, ಓಲೆಕಾರ ಎಂಬ ಮಾತುಗಳಲ್ಲಿ ಈ ಮರದ ಎಲೆ ಇಂದಿಗೂ ನಮ್ಮ ನಾಲಗೆಯ ಮೇಲಿದೆ. ಇದಲ್ಲದೆ ಸೂರಿನ ಹೊದಿಕೆ, ಚಾಪೆ, ಬುಟ್ಟಿ, ಬೀಸಣಿಗೆ, ಕೊಡೆ, ಮಳೆಗಾಲದ ಗೊರಬು ಇವುಗಳಿಗೂ ಓಲೆಯನ್ನು ಬಳಸುವುದುಂಟು.

ಕಾಯಿ, ರಸ ಮತ್ತು ದಿಮ್ಮಿ :— ಬೇಸಗೆಯಲ್ಲಿ ತಾಟಿಯ ಎಳೆಗಾಯನ್ನು ಕೊಯ್ದರೆ ಒಳಗೆ ಸಾಮಾನ್ಯವಾಗಿ ಮೂರು ತಂಪಾದ ತಿರುಳುಗಳು ದೊರೆಯುತ್ತವೆ. ಇವೇ ಪೇಟೆಯಲ್ಲಿ ಮಾರುವ ತಾಟಿನುಂಗು. ಹೂಗೊಂಚಲನ್ನು ಕೊಯ್ದು ಇಳಿಸಿದ ರಸವು ನೀರಾ. ಮಡಕೆಯ ಒಳಮೈಗೆ ಸುಣ್ಣ ಬಳಿದರೆ ರಸವು ಸಿಹಿಯಾಗಿ ಉಳಿಯುತ್ತದೆ; ಇಲ್ಲವಾದರೆ ಹುಳಿತು ಹೆಂಡವಾಗುತ್ತದೆ. ಸಿಹಿ ರಸವನ್ನು ಕಾಯಿಸಿ ತಾಟಿಬೆಲ್ಲವನ್ನು ಮಾಡುತ್ತಾರೆ. ರಸ ಇಳಿಸುವುದು ಅಬಕಾರಿ ಕಾನೂನಿಗೆ ಒಳಪಟ್ಟದ್ದಾದುದರಿಂದ, ಇಲಾಖೆಯ ಅನುಮತಿಯನ್ನು ಪಡೆಯದೆ ಮರಕ್ಕೆ ಮಡಕೆ ಕಟ್ಟಕೂಡದು. ಬಲಿತ ಮರದ ಹೊರಭಾಗವು ಕಪ್ಪಾಗಿ ಬಹು ಗಟ್ಟಿಯಾಗಿದ್ದು ತೊಲೆ, ಜಂತೆಗಳಿಗೆ ಒದಗುತ್ತದೆ, ಒಳತಿರುಳು ಮೆತ್ತಗೆ. ತಿರುಳನ್ನು ತೋಡಿ ತೆಗೆದ ದಿಮ್ಮಿಯು ನೀರು ಹರಿಸುವ ದೋಣಿಯಾಗುತ್ತದೆ. ಎಲೆಯ ಬುಡದ ನಾರಿನಿಂದ ಕುಂಚಗಳಾಗುತ್ತವೆ.

ಶ್ರೀತಾಳೆಯ ವಿಶೇಷ :— ಇದರ ಒಂದೊಂದು ಎಲೆಯೂ ಸುಮಾರು 16 ಅಡಿಯಷ್ಟು ಅಗಲಕ್ಕೆ ಬೆಳೆಯಬಲ್ಲದು. ಮರವು ತನ್ನ ಆಯುಷ್ಯದಲ್ಲಿ ಒಂದೇ ಸಲ, 30ರಿಂದ 80 ವರ್ಷಗಳೊಳಗೆ ಹೂ ಬಿಡುತ್ತದೆ. ನೆತ್ತಿಯ ಮೇಲೆ ಏಳುವ ಆ ಹೂಗೊಂಚಲು ಸಸ್ಯವರ್ಗದಲ್ಲೆಲ್ಲಾ ಅತಿ ದೊಡ್ಡದು. ಸುಮಾರು ಒಂದು ವರ್ಷದಲ್ಲಿ ಕಾಯಿ ಬಲಿತು ಉದುರಿ, ಮರವು ಒಣಗಿ ಸಾಯುತ್ತದೆ. ತಿರುಳಿನಿಂದ ಹಿಟ್ಟನ್ನು ತೆಗೆಯಲು ಹೂವಿಗೆ ಮುಂಚೆಯೇ ಮರವನ್ನು ಉರುಳಿಸುವ ವಾಡಿಕೆ ಇದ್ದಿತು. ಹಾಗೆ ಕಡಿದ ಮರವು ಒಂದು ಬೀಜವನ್ನೂ ಬಿಡದೆ ಹೋಗುತ್ತದೆ. ಆದಕಾರಣ ಊರಿನಲ್ಲಿ ಶ್ರೀತಾಳೆ ಹೂ ಬಿಟ್ಟಿತೆಂದರೆ ಅದನ್ನು ಕಾದು, ಉದುರಿದ ಬೀಜವನ್ನು ಆರಿಸಿ, ಹಸಿಯಿರುವಾಗಲೇ ಬಿತ್ತಿಸತಕ್ಕದ್ದು.

ತಾಟಿಯ ಬಿತ್ತನೆ :— ತಾಟಿಗೆ ನೀರು ಕಟ್ಟಬೇಕಾದ ಅಗತ್ಯವು ಹೆಚ್ಚಾಗಿ ಇಲ್ಲ. ಹೊಲದ ಬದು, ಹಳ್ಳದ ದಡ, ಉಳುಮೆಗೆ ಬಾರದ ಖುಷ್ಕಿ ಭೂಮಿ ಇವು ಇದಕ್ಕೆ ತಕ್ಕ ಸ್ಥಳಗಳು. ಮಳೆಗಾಲದಲ್ಲಿ ತಾನಾಗಿ ಉದುರಿದ ಹಣ್ಣುಗಳನ್ನು ರಾಶಿ ಹಾಕಿ, ಸಿಪ್ಪೆ ಕೊಳೆತ ಮೇಲೆ ಬೀಜಗಳನ್ನು ಬಿಡಿಸಿಕೊಳ್ಳಬೇಕು. ಸುಮಾರು ಹತ್ತು ಅಡಿಗೊಂದರಂತೆ, ಮರ ಎಲ್ಲಿ ಬೇಕೋ ಅಲ್ಲಿಯೇ ಬೀಜವನ್ನು ಹೂಳುವುದು ಉತ್ತಮ. ಏಕೆಂದರೆ ಮೊಳಕೆಯು ಮೊದಲು ಮೇಲಕ್ಕೆ ಬಾರದೆ ನೆಲದೊಳಕ್ಕೆ ಆಳವಾಗಿ ಇಳಿಯುತ್ತದೆ. ಎಲೆ ಕಾಣುವುದು ತಿಂಗಳುಗಳ ತರುವಾಯ. ಕಿತ್ತು ನೆಡಲು ಹೋದರೆ ಈ ಬೇರಿಗೆ ಏಟು ಬಿದ್ದು ಸಸಿ ಸಾಯುವುದೇ ಹೆಚ್ಚು. ಬಿತ್ತಿ ಮೇಲೇನೂ ಕಾಣದೆಂದು ಆ ಜಾಗವನ್ನು ಅಗೆಸಬಾರದು. ಗಂಡು ಹೆಣ್ಣುಗಳು ಬೇರೆ ಬೇರೆ ಮರಗಳಾದುದರಿಂದಲೂ, ಹೂ ಬಿಡಲು ಹನ್ನೆರಡು ಹದಿನೈದು ವರ್ಷಗಳಾದರೂ ಹಿಡಿಯುವುದರಿಂದಲೂ, ಅಲ್ಲಿಯವರೆಗೆ ಯಾವುದು ಕಾಯಿ ಕೊಡುವ ಮರವೆಂದು ನೋಡಿ ತಿಳಿಯಲಾಗದು. ಆದುದರಿಂದ ಬೇಕಾದುದಕ್ಕಿಂತ ಹೆಚ್ಚಾಗಿ ಬಿತ್ತುವುದು ಲೇಸು.

ರಕ್ಷಣೆ :— ಇಟ್ಟಿಗೆಯ ಗೂಡಿಗೆ ಸೌದೆಯೆಂದು ತಾಟಿಮರವನ್ನು ಮಾರುವವನಿಗೆ ಒಂದು ಸಲ ಕೆಲವು ರೂಪಾಯಿಗಳು ದೊರೆತಾವು. ನಿಂತ ಮರವು ಮೊಮ್ಮಕ್ಕಳ ಕಾಲಕ್ಕೂ ಓಲೆಯನ್ನೂ ಕಾಯನ್ನೂ ಕೊಡುತ್ತದೆ. ತಾಟಿಯನ್ನು ರಾಜ್ಯವೃಕ್ಷವೆಂದು ಮನ್ನಿಸಿರುವ ನೆರೆಯ ತಮಿಳುನಾಡಿನಲ್ಲಿ, ಜಿಲ್ಲಾಧಿಕಾರಿಗಳ ಅನುಮತಿಯಿಲ್ಲದೆ ಅದನ್ನು ಕಡಿಯಕೂಡದೆಂದು ಸರಕಾರವು 2021ರಲ್ಲಿ ಸಾರಿತು. ಅಪ್ಪಣೆಗಾಗಿ ಕಾಯದೆ, ಗ್ರಾಮದ ಹಿರಿಯರು ತಮ್ಮ ಎಲ್ಲೆಯಲ್ಲಿ ಇಂತಹ ಮರಗಳೆಷ್ಟಿವೆಯೆಂದು ಎಣಿಸಿ ಬರೆದಿಡಲಿ. ಕೊಡಲಿ ಹಿಡಿದವರಿಗೆ ಬುದ್ಧಿ ಹೇಳಲಿ. ಓಲೆ ಹೆಣೆಯಬಲ್ಲ, ಮರವೇರಬಲ್ಲ ಮುದುಕರಿಂದ ಆ ಕಸಬನ್ನು ಹುಡುಗರಿಗೆ ಕಲಿಸಲಿ. ಸರಕಾರಿ ಜಾಗದಲ್ಲಿಯೋ ಕೆರೆಯ ಏರಿಯ ಮೇಲೆಯೋ ಬಿತ್ತುವುದಾದರೆ ಸಂಬಂಧಪಟ್ಟ ಅಧಿಕಾರಿಗಳನ್ನು ಮೊದಲು ಕೇಳತಕ್ಕದ್ದು. ಸ್ವಂತ ಹೊಲದ ಬದುವಿನಲ್ಲಿ ಬಿತ್ತಲು ಈ ಮಳೆಗಾಲವೇ ಸಾಕು. ಬೀಜಕ್ಕೆ ತಗಲುವ ಖರ್ಚು ಅದನ್ನು ಆರಿಸಿ ತರುವ ಶ್ರಮವೊಂದೇ.