ಸಾರ್ವಜನಿಕ ಸೇವೆಗಳ ದರನಿಯಂತ್ರಣ: ಲೂಯಿ ಬ್ರ್ಯಾಂಡೈಸ್ ಅವರ ಚಿಂತನೆ

ಅನಿಲ, ವಿದ್ಯುತ್ತು, ದೂರವಾಣಿಗಳಂತಹ ಸೇವೆಗಳನ್ನು ಒಂದು ಊರಿಗೆ ಒಂದೇ ಕಂಪನಿ ಒದಗಿಸುವಾಗ ಪೈಪೋಟಿಯಿಂದ ದರ ನಿರ್ಧಾರವಾಗದು. ಹಾಗಾದರೆ ನ್ಯಾಯವಾದ ದರಕ್ಕೆ ಆಧಾರವೇನು? ಅಮೆರಿಕದ ನ್ಯಾಯವಾದಿ ಲೂಯಿ ಬ್ರ್ಯಾಂಡೈಸ್ (1856–1941) ಈ ಪ್ರಶ್ನೆಯನ್ನು ವಕೀಲರಾಗಿಯೂ ನ್ಯಾಯಮೂರ್ತಿಯಾಗಿಯೂ ಎದುರಿಸಿದರು.

ಬಾಸ್ಟನ್ ನಗರದ ಅನಿಲ ಕಂಪನಿಗಳು ಒಂದಾದಾಗ ಅವುಗಳ ಬಂಡವಾಳವನ್ನು ಎಷ್ಟೆಂದು ಎಣಿಸಬೇಕೆಂಬ ವಿವಾದ ಹುಟ್ಟಿತು. ಬ್ರ್ಯಾಂಡೈಸ್ ಬೆಂಬಲಿಸಿದ 1906ರ ಕಾಯಿದೆಯು ಸಾವಿರ ಘನ ಅಡಿ ಅನಿಲಕ್ಕೆ 90 ಸೆಂಟ್ ದರವನ್ನೂ ಶೇ. 7ರ ಲಾಭಾಂಶವನ್ನೂ ಮೂಲಮಾನವಾಗಿ ಗೊತ್ತುಪಡಿಸಿತು. ದರವನ್ನು 5 ಸೆಂಟ್ ಇಳಿಸಿದರೆ ಲಾಭಾಂಶವನ್ನು ಶೇ. 1ರಷ್ಟು ಏರಿಸಬಹುದಿತ್ತು. ಬಳಕೆದಾರನ ಉಳಿತಾಯವೇ ಷೇರುದಾರನ ಗಳಿಕೆಗೆ ದಾರಿಯಾಯಿತು.

1916ರಲ್ಲಿ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1898ರ ತೀರ್ಪೊಂದರಂತೆ ಕಂಪನಿಗಳು ತಮ್ಮ ಆಸ್ತಿಯ ಆಗಿನ 'ನ್ಯಾಯೋಚಿತ ಮೌಲ್ಯ'ದ ಮೇಲೆ ಪ್ರತಿಫಲಕ್ಕೆ ಅರ್ಹವಾಗಿದ್ದವು. ಮೊದಲ ಮಹಾಯುದ್ಧದಿಂದ ಬೆಲೆಗಳು ಏರಿದಾಗ ಈ ಮೌಲ್ಯವೂ ಉಬ್ಬಿತು. ಮಿಸೌರಿ ರಾಜ್ಯದ ದೂರವಾಣಿ ಮೊಕದ್ದಮೆಯಲ್ಲಿ (1923) ಬ್ರ್ಯಾಂಡೈಸ್ ತೀರ್ಪಿನ ಫಲಿತಾಂಶವನ್ನು ಒಪ್ಪಿದರೂ ಅದರ ತರ್ಕವನ್ನು ಒಪ್ಪಲಿಲ್ಲ. ಊಹೆಯ ಮೌಲ್ಯವನ್ನಲ್ಲ, ವಿವೇಕದಿಂದ ತೊಡಗಿಸಿದ ಹಣವನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದು ಅವರ ವಾದ. ನೈಸರ್ಗಿಕ ಅನಿಲದ ಹೋಪ್ ಮೊಕದ್ದಮೆಯಲ್ಲಿ (1944) ನ್ಯಾಯಾಲಯವು ಯಾವುದೇ ಒಂದು ಸೂತ್ರ ಕಡ್ಡಾಯವಲ್ಲವೆಂದು ಹೇಳಿ, ಮೂಲವೆಚ್ಚದ ಲೆಕ್ಕಕ್ಕೆ ಹಾದಿ ತೆರೆಯಿತು. ಅದನ್ನು ಕಾಣಲು ಬ್ರ್ಯಾಂಡೈಸ್ ಬದುಕಿರಲಿಲ್ಲ.

1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ದರ ನಿಗದಿಪಡಿಸುವಾಗ ಕಂಪನಿಗಳ ವೆಚ್ಚವು ವಿವೇಚನಾಯುಕ್ತವೇ ಎಂದು ಪರಿಶೀಲಿಸುತ್ತದೆ. ಗ್ರಾಹಕನು ತೆರಬೇಕಾದುದು ಯಾವ ವೆಚ್ಚವನ್ನು ಎಂಬ ಬ್ರ್ಯಾಂಡೈಸರ ಪ್ರಶ್ನೆ ಇಲ್ಲಿಯೂ ಜೀವಂತವಾಗಿದೆ.